‘ಕಂಫರ್ಟಬಲ್’ ಅಂದರೆ ಯಾವ ಅರ್ಥದಲ್ಲಿ, ಡಾಕ್ಟರೇ?

ಮೆಲ್ಬರ್ನ್ ಹೊರವಲಯದ ವಿಂಡಮ್ ವೇಲ್‌ನಲ್ಲಿ ಬೆಳಕು ಹರಿಯುವುದೂ ಗ್ಯಾರೇಜುಗಳ ಬಾಗಿಲು ತೆರೆಯುವುದೂ ಒಟ್ಟೊಟ್ಟಿಗೇ ಆಗುತ್ತದೆ. ಒಂದೊಂದೇ ಬಾಗಿಲು ಗರಗರ ಎಂದು ಮೇಲೇಳುತ್ತದೆ, ಒಂದೊಂದೇ ಕಾರು ಹಿಮ್ಮುಖವಾಗಿ ಬೀದಿಗಿಳಿದು ಫ್ರೀವೇ ಕಡೆಗೆ ತಿರುಗುತ್ತದೆ. ಬೀದಿಯ ಕೊನೆಯ ಮನೆಯ ಗ್ಯಾರೇಜು ಮಾತ್ರ ಮುಚ್ಚಿಯೇ ಇದೆ. ಒಳಗೆ ಕಾರಿದೆ. ಅದರ ಹಿಂದಿನ ಸೀಟಿನಲ್ಲಿ ಸ್ವೆಟರ್ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬ ಹೆಂಗಸು ಕೂತಿದ್ದಾರೆ. ತೊಡೆಯ ಮೇಲೆ ಮಕ್ಕಳು ಚಿತ್ರ ಬರೆಯುವ ಸಣ್ಣ ಬಿಳಿ ಹಲಗೆ, ಕೈಯಲ್ಲಿ ಪೆನ್ನು, ಪಕ್ಕದಲ್ಲಿ ಕಷಾಯದ ಫ್ಲಾಸ್ಕ್.

ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲಲ್ಲಿ ನಿಂತು ನೋಡುವುದಕ್ಕಷ್ಟೇ ನನಗೆ ಅನುಮತಿ. ಕಾರಿನ ಗಾಜು ಏರಿಸಿದೆ, ಮಾತು ಕೇಳಿಸುವುದಿಲ್ಲ. ತುಟಿಯ ಚಲನೆ ಮಾತ್ರ ಕಾಣುತ್ತದೆ. ಒಮ್ಮೆ ಹುಬ್ಬು ಗಂಟಿಕ್ಕುತ್ತದೆ, ಒಮ್ಮೆ ಎದುರಿಗೆ ಯಾರೋ ಕೂತಿರುವಂತೆ ತಲೆ ಬಾಗುತ್ತದೆ. ಕರೆ ಮುಗಿದ ಕೂಡಲೇ ಹಲಗೆಯ ಮೇಲೆ ಬರೆದದ್ದನ್ನೆಲ್ಲ ಸ್ವೆಟರಿನ ತೋಳಿನಿಂದ ಒರೆಸಿಬಿಡುತ್ತಾರೆ. ಯಾರದೋ ಕಾಯಿಲೆ, ಯಾರದೋ ಔಷಧಿ ಅಳಿಸಿಹೋಗುತ್ತದೆ. ಆಮೇಲೆ ಒಂದು ಗುಟುಕು ಕಷಾಯ.

ಇವರು ಪ್ರೇಮಾವತಿ. ಉಡುಪಿಯ ಕಡೆಯವರು, ಮನೆಮಾತು ತುಳು. ಫೋನಿನಲ್ಲಿ ದುಭಾಷಿ ಕೆಲಸ ಮಾಡುತ್ತಾರೆ. ಕನ್ನಡಕ್ಕೋ ತುಳುವಿಗೋ ಹಿಂದಿಗೋ ಅಲ್ಲ, ಕ್ರೊಯೇಷಿಯನ್ ಭಾಷೆಗೆ. ಯುರೋಪಿನ ಕ್ರೊಯೇಷಿಯಾದಿಂದ ಬಹಳ ಹಿಂದೆ ಆಸ್ಟ್ರೇಲಿಯಾಕ್ಕೆ ಬಂದು, ಕಾರ್ಖಾನೆಗಳಲ್ಲಿ ದುಡಿದು, ಈಗ ಮುಪ್ಪಿನಲ್ಲಿರುವ ಜನ ಮೆಲ್ಬರ್ನ್‌ನಲ್ಲೂ ಸಿಡ್ನಿಯಲ್ಲೂ ಬೇಕಾದಷ್ಟಿದ್ದಾರೆ. ವಯಸ್ಸಾದಂತೆ ಅವರಲ್ಲಿ ಎಷ್ಟೋ ಮಂದಿಗೆ ಕಲಿತ ಇಂಗ್ಲಿಷ್ ಮರೆಯುತ್ತದೆ, ಹುಟ್ಟಿದ ಮಾತು ಉಳಿಯುತ್ತದೆ. ಆಸ್ಪತ್ರೆಯವರು ದುಭಾಷಿ ಬೇಕೆಂದು ಕರೆ ಮಾಡಿದರೆ ಈ ಗ್ಯಾರೇಜಿನ ಕಾರಿನಲ್ಲಿ ಫೋನು ರಿಂಗಾಗುತ್ತದೆ.

“ಮನೆಯೊಳಗೆ ಆಗುದಿಲ್ಲ ಅಮ್ಮ. ಫ್ರಿಜ್ ಗುಂಯ್ ಅಂತದೆ. ಇವರು ಚಾದ ಲೋಟ ಇಟ್ರೆ ಸಿಡ್ನಿಗೆ ಕೇಳ್ತದೆ. ಕಾರಿನಷ್ಟು ಸೈಲೆಂಟ್ ಜಾಗ ಬೇರೆ ಎಲ್ಲುಂಟು?” ಎನ್ನುತ್ತಾರೆ, ಬಿಡುವಿನಲ್ಲಿ ಅಡುಗೆಮನೆಯ ಮೇಜಿಗೆ ಬಂದು ಕೂತ ಪ್ರೇಮಾವತಿ.

‘ಇವರು’ ಎಂದರೆ ಗಂಡ ಕಮಲಾಕ್ಷ. ರೈಲು ಬೋಗಿಗಳ ದುರಸ್ತಿ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು, ಈಗ ನಿವೃತ್ತರು. ನೀರ್‌ದೋಸೆ ಮಡಚುತ್ತಲೇ ಅವರು ಸೇರಿಸುತ್ತಾರೆ: “ದಿನಾ ಸಿಡ್ನಿಗೆ ಹೋಗಿ ಬರ್ತಾಳೆ. ಪೆಟ್ರೋಲ್ ಮಾತ್ರ ಒಂದು ಹನಿ ಖರ್ಚಾಗುದಿಲ್ಲ.”

ನಾನು ಇವರನ್ನು ಹುಡುಕಿಕೊಂಡು ಬಂದದ್ದು ಒಂದೇ ಒಂದು ಇಂಗ್ಲಿಷ್ ಪದದ ದೆಸೆಯಿಂದ. ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಒಬ್ಬ ಹಿರಿಯರು ಸಾಯುತ್ತಿರುವ ಹೆಂಡತಿಯ ಪಕ್ಕದಲ್ಲಿ ಉಳಿಯುತ್ತಾರೋ, ಏನೂ ತಿಳಿಯದೆ ಮನೆಗೆ ಹೊರಟುಬಿಡುತ್ತಾರೋ ಎಂಬುದು ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಆ ಪದದ ಮೇಲೆ ನಿಂತಿತ್ತು. ಆ ಪದವನ್ನು ದಾಟಿಸಿದವರು ಪ್ರೇಮಾವತಿ. ಕರೆ ನಡುವೆಯೇ ಕಡಿದುಹೋದ್ದರಿಂದ ಅವರು ಉಳಿದರೋ ಹೋದರೋ ಎನ್ನುವುದು ಇವರಿಗೆ ಇವತ್ತಿನವರೆಗೂ ಗೊತ್ತಿಲ್ಲ. ಉತ್ತರ ನನ್ನ ಬಳಿ ಇದೆ. ಅದನ್ನು ಕೊಟ್ಟು ಕಳಿಸಿದವರು ಸಿಡ್ನಿಯ ಡಾಕ್ಟರ್ ವಿಜೇತಾ. ಆ ಹಿರಿಯರನ್ನೇ ಕೇಳಿ, ಒಪ್ಪಿಗೆ ಪಡೆದು ಕೊಟ್ಟದ್ದು. ಅವರ ಹೆಸರನ್ನು ನನಗೂ ಹೇಳಿಲ್ಲ. ನಾನೂ ಕೇಳಲಿಲ್ಲ.

ಉಡುಪಿಯ ಹೆಂಗಸಿಗೆ ಕ್ರೊಯೇಷಿಯನ್ ಬಂದದ್ದು ಹೇಗೆ?

ಮದುವೆಯಾದ ಹೊಸತರಲ್ಲಿ ಈ ದಂಪತಿ ಸೇಂಟ್ ಆಲ್ಬನ್ಸ್ ಎಂಬ ಸಬರ್ಬಿನಲ್ಲಿ ಒಂದು ಹಿತ್ತಿಲ ಕೋಣೆಯಲ್ಲಿ ರೆಂಟಿಗಿದ್ದರು. ಮನೆಯೊಡತಿ ಕ್ರೊಯೇಷಿಯಾದ ಒಂದು ದ್ವೀಪದಿಂದ ಬಂದ ವಿಧವೆ. ಹೆಸರು ಯಾಗೊದಾ. ಅವರ ಭಾಷೆಯಲ್ಲಿ ಹಾಗೆಂದರೆ ಸ್ಟ್ರಾಬೆರಿ. ಅತ್ತೆ, ಚಿಕ್ಕಮ್ಮ ಎನ್ನುವ ಹಾಗೆ ಅವರು ‘ತೇತಾ’ ಎನ್ನುತ್ತಾರಂತೆ. ಕಮಲಾಕ್ಷರದು ಶೆಡ್ಡಿನಲ್ಲಿ ಶಿಫ್ಟ್ ಕೆಲಸ. ಊರಿಗೆ ಫೋನ್ ಮಾಡುವುದು ದುಬಾರಿಯಾಗಿದ್ದ ಕಾಲ. ಹಗಲೆಲ್ಲ ಒಬ್ಬಳೇ ಕೂತಿರುತ್ತಿದ್ದ ಹುಡುಗಿಯ ಬಾಗಿಲಿಗೆ ಒಂದು ದಿನ ತೇತಾ ಯಾಗೊದಾ ತಟ್ಟೆ ಹಿಡಿದು ಬಂದರು. ಹುಳಿ ಬರಿಸಿದ ಎಲೆಕೋಸಿನ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ತಿನಿಸು.

“ನೋಡಿದ ಕೂಡಲೇ ನನಗೆ ಅಳು ಬಂತು. ಥೇಟ್ ನಮ್ಮ ಕೆಸುವಿನೆಲೆಯ ಪತ್ರೊಡೆ ಸುತ್ತಿದ ಹಾಗೆಯೇ ಇತ್ತು. ‘ಯೆದಿ, ಯೆದಿ’ ಅಂದ್ರು. ತಿನ್ನು, ತಿನ್ನು ಅಂತ. ನಾನು ಕಲಿತ ಮೊದಲ ಪದ ಅದು” ಎಂದು ನೆನೆಯುತ್ತಾರೆ ಪ್ರೇಮಾವತಿ. ಮಾಮೂಲಾಗಿ ಹಾಕುವ ಮಾಂಸ ಬಿಟ್ಟು ತೇತಾ ತಮಗಾಗಿ ಬೇರೆಯಾಗಿ ಮಾಡಿ ತಂದಿದ್ದರು ಎಂಬುದು ಅವರಿಗೆ ತಿಳಿದದ್ದು ಬಹಳ ತಿಂಗಳ ಮೇಲೆ. ಹಿತ್ತಿಲ ಕೋಣೆಯಿಂದ ಮೀನು, ಮಾಂಸದ ವಾಸನೆ ಬರುತ್ತಿಲ್ಲ ಎಂಬುದನ್ನು ಆ ತಾಯಿ ಸುಮ್ಮನೆ ಗಮನಿಸಿದ್ದರು.

ಆಮೇಲಿನದು ಅಡುಗೆಮನೆಯ ಪಾಠ. ಆ ಭಾಷೆಗೂ ಏಳು ವಿಭಕ್ತಿಗಳು. “ಶಾಲೆಯಲ್ಲಿ ಕನ್ನಡ ಪಂಡಿತರು ರಾಮನು, ರಾಮನನ್ನು, ರಾಮನಿಂದ ಅಂತ ಬಾಯಿಪಾಠ ಮಾಡಿಸಿದ್ರಲ್ಲ? ಇದೆಂತಕ್ಕೆ ಅಂತ ಆಗ ಬೈಕೊಂಡಿದ್ದೆ. ಇಲ್ಲಿ ಉಪಕಾರ ಆಯ್ತು. ತೇತಾನ ಹೆಸರನ್ನೇ ಹಿಡಿದು ಯಾಗೊದಾ, ಯಾಗೊದೆ, ಯಾಗೊದಿ, ಯಾಗೊದು ಅಂತ ಪಾತ್ರೆ ತೊಳೀತಾ ರಾಗ ಎಳೀತಿದ್ದೆ. ಅವರು ನಕ್ಕು ನಕ್ಕು ಸುಸ್ತು.”

ಮುಂದೆ ತೇತಾಗೆ ಪಾರ್ಶ್ವವಾಯು ಬಡಿಯಿತು. ಇಂಗ್ಲಿಷ್ ಪೂರ್ತಿ ಹೊರಟುಹೋಯಿತು. ಅವರ ಮಗ ದೂರದ ಗಣಿ ಊರಿನಿಂದ ಬಂದು ತಲುಪುವವರೆಗೆ ಡಾಕ್ಟರುಗಳಿಗೂ ತೇತಾಗೂ ನಡುವೆ ನಿಂತು ಮಾತಾಡಿದವರು ಪ್ರೇಮಾವತಿ. “ಆಗ ನನಗೆ ರೂಲ್ಸ್ ಒಂದೂ ಗೊತ್ತಿಲ್ಲ. ಡಾಕ್ಟ್ರು ಒಂದು ಹೇಳಿದ್ರೆ ನಾನು ಧೈರ್ಯಕ್ಕೆ ಎರಡು ಸೇರಿಸಿ ಹೇಳ್ತಿದ್ದೆ. ಒಬ್ಬರು ನರ್ಸ್, ತುಂಬ ಒಳ್ಳೆಯವರು, ಪಕ್ಕಕ್ಕೆ ಕರೆದು ಹೇಳಿದ್ರು, ನೀನಿದನ್ನು ಸರಿಯಾಗಿ ಕಲಿ, ಪರೀಕ್ಷೆ ಕಟ್ಟು ಅಂತ.”

ಮೊದಲ ಸಲ ಪರೀಕ್ಷೆಯಲ್ಲಿ ಫೇಲು. ಕಾರಣ ತೇತಾ! ಕಲಿಸಿದ್ದು ದ್ವೀಪದ ಆಡುಮಾತು. ‘ಚಂದ’ ಎನ್ನುವುದಕ್ಕೆ ಪುಸ್ತಕದಲ್ಲಿ ‘ಲಿಯೆಪೊ’, ದ್ವೀಪದಲ್ಲಿ ‘ಲೀಪೊ’. ಕುಂದಾಪ್ರದ ಅಜ್ಜಿಯ ಬಳಿ ಕನ್ನಡ ಕಲಿತು ರೇಡಿಯೋದ ವಾರ್ತೆ ಓದಲು ಹೋದಂತಾಯಿತು. ಪುಸ್ತಕದ ಭಾಷೆ ಕಲಿತು ಮತ್ತೆ ಕಟ್ಟಿ ಪಾಸಾದರು. ಆದರೂ ಈಗಲೂ ನಗರದ ಕಡೆಯ ಕ್ರೊಯೇಷಿಯನ್ನರು ಇವರ ಮಾತು ಕೇಳಿ ನಗುತ್ತಾರಂತೆ. ಮನೆಗೆ, ಆಸ್ಪತ್ರೆಗೆ ನೇರವಾಗಿ ಹೋಗಬೇಕಾದಾಗ ಇನ್ನೊಂದು ತಮಾಷೆ. “ಬಾಗಿಲು ತೆಗೆದವರು ನನ್ನ ಭುಜದ ಮೇಲಿಂದ ಹಿಂದೆ ನೋಡ್ತಾರೆ, ಇಂಟರ್‌ಪ್ರಿಟರ್ ಎಲ್ಲಿ ಅಂತ. ಬಾಯಿ ತೆರೆದ್ರೆ ಮುಗೀತು. ‘ನೀನು ಯಾರ ಸೊಸೆ? ಯಾವ ಊರು?’ ಅಂತ ಶುರು. ಎಲ್ಲ ನಮ್ಮೂರಿನ ಹಾಗೆಯೇ.”

ದುಭಾಷಿಯ ನಿಯಮಗಳು ಕಟ್ಟುನಿಟ್ಟಾದವು. ಹೆಸರು ಹೇಳುವಂತಿಲ್ಲ, ನಂಬರು ಮಾತ್ರ. ಕೇಳಿದ್ದನ್ನು ಬಿಡುವಂತಿಲ್ಲ, ಸೇರಿಸುವಂತಿಲ್ಲ. ರೋಗಿ ‘ನನಗೆ ಎದೆ ನೋವು’ ಎಂದರೆ ‘ಅವರಿಗಂತೆ’ ಎನ್ನದೆ ‘ನನಗೆ ಎದೆ ನೋವು’ ಎಂದೇ ಹೇಳಬೇಕು. ತನ್ನದೇ ಸಂಶಯ ಕೇಳಬೇಕಾದರೆ ಮಾತ್ರ ‘ಇಂಟರ್‌ಪ್ರಿಟರ್ ಕೇಳುತ್ತಿದ್ದಾರೆ’ ಎಂದು ಮೂರನೆಯವರ ಹಾಗೆ ಕೇಳಬೇಕು.

“ದಿನವಿಡೀ ನಾನು, ನಾನು ಅಂತ ಹೇಳ್ತೇನೆ ಅಮ್ಮ. ಒಂದು ಸಲವೂ ಅದು ನಾನಲ್ಲ” ಎನ್ನುತ್ತಾರೆ ಪ್ರೇಮಾವತಿ. “ಮತ್ತೆ ಅವರ ಭಾಷೆಯಲ್ಲಿ ‘ನಾನು ಬಂದೆ’ ಅಂದ್ರೆ ಬಂದದ್ದು ಗಂಡೋ ಹೆಣ್ಣೋ ಅಂತಲೂ ಗೊತ್ತಾಗ್ತದೆ. ಡಾಕ್ಟ್ರು ಗಂಡಸಾದ್ರೆ ನಾನೂ ಗಂಡಸಿನ ಹಾಗೆಯೇ ಹೇಳ್ಬೇಕು.”

“ಕಾರಿನಿಂದ ಇಳಿದ ಮೇಲೂ ಕೆಲವು ಸಲ ಹಾಗೇ ಇರ್ತಾಳೆ” ಎಂದು ಒಲೆಯ ಬಳಿಯಿಂದ ದನಿ ಬರುತ್ತದೆ.

“ನೀವು ದೋಸೆ ನೋಡಿ. ಸೀದದ್ದು ಇಲ್ಲಿಗೆ ಪರಿಮಳ ಬರ್ತಾ ಉಂಟು.”

ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಕಷ್ಟದ ಪದ ಯಾವುದು ಎಂದು ಕೇಳುತ್ತೇನೆ. ದೊಡ್ಡ ದೊಡ್ಡ ಕಾಯಿಲೆಗಳ ಹೆಸರು ಬರಬಹುದೆಂಬ ನನ್ನ ಊಹೆ ಸುಳ್ಳಾಗುತ್ತದೆ. ಅವು ಸುಲಭವಂತೆ, ಒಂದು ಕಾಯಿಲೆಗೆ ಒಂದೇ ಹೆಸರು. ಸಣ್ಣ ಪದಗಳೇ ಕೈಕೊಡುವುದು. ‘ಯೂ’ ಎನ್ನುವ ಒಂದು ಪದವನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂದು ನಮ್ಮ ಹಾಗೆಯೇ ಕ್ರೊಯೇಷಿಯನ್ನರೂ ಯೋಚಿಸಬೇಕು. ಆಮೇಲೆ ಪ್ರೇಮಾವತಿ ಲೋಟದ ಅಂಚನ್ನು ಬೆರಳಿನಿಂದ ಸವರುತ್ತಾ, “ಕಂಫರ್ಟಬಲ್” ಎನ್ನುತ್ತಾರೆ.

“ಶೂಸ್ ಕಂಫರ್ಟಬಲ್, ಕುರ್ಚಿ ಕಂಫರ್ಟಬಲ್. ಅದಕ್ಕೆ ‘ಉದೊಬ್ನೊ’ ಅಂತಾರೆ. ಬ್ಯಾಂಕಿನವರು ‘ಮಾರ್ಟ್‌ಗೇಜ್ ಬಗ್ಗೆ ನೀವು ಕಂಫರ್ಟಬಲ್ಲಾ?’ ಅಂತ ಕೇಳಿದ್ರೆ ಒಪ್ಪಿಗೆ ಉಂಟಾ ಅಂತ. ಅದಕ್ಕೆ ಬೇರೆ ಪದ. ‘ಕಂಫರ್ಟಬಲ್ ಫ್ಯಾಮಿಲಿ’ ಅಂದ್ರೆ ದುಡ್ಡಿರುವವರು. ಅದಕ್ಕೆ ಇನ್ನೊಂದು.”

“ನಮ್ಮದು ಯಾವ ಕಂಫರ್ಟಬಲ್ ಮಾರಾಯ್ತಿ?” ಕಮಲಾಕ್ಷರ ಪ್ರಶ್ನೆ.

“ಶೂಸಿನದ್ದು” ಎನ್ನುತ್ತಾರೆ ಹೆಂಡತಿ. ಇಬ್ಬರೂ ನಗುತ್ತಾರೆ.

ನಗು ಇಳಿದ ಮೇಲೆ ಪ್ರೇಮಾವತಿ ಮಾತು ಮುಂದುವರಿಸುತ್ತಾರೆ: “ಮತ್ತೆ ಆಸ್ಪತ್ರೆಯ ಕಂಫರ್ಟಬಲ್ ಒಂದುಂಟು.” ಅದರ ಬಗ್ಗೆ ಅಷ್ಟಕ್ಕೇ ನಿಲ್ಲಿಸುತ್ತಾರೆ. ಕರೆಗಳಲ್ಲಿ ನಡೆದದ್ದನ್ನು ಅವರು ಹೇಳುವಂತಿಲ್ಲ. ಆ ಮಧ್ಯಾಹ್ನದ ಕಥೆಯನ್ನು ನನಗೆ ಹೇಳಿದವರು ಡಾಕ್ಟರ್ ವಿಜೇತಾ.

ವಿಜೇತಾ ಕೂಡ ಉಡುಪಿಯವರೇ. ಸಿಡ್ನಿಯಲ್ಲಿ ಪರಿಚಯದವರ ಮನೆಯ ಊಟದಲ್ಲಿ ನನ್ನ ಪಕ್ಕ ಕೂತು, ತಟ್ಟೆಯಲ್ಲಿದ್ದುದನ್ನು ತಿನ್ನದೆಯೇ ಹೇಳಿದರು: “ಆಂಟಿ, ದಿನಾ ಹೇಳೋ ಮಾತು ಅದು. ‘ವಿ ವಿಲ್ ಕೀಪ್ ಹರ್ ಕಂಫರ್ಟಬಲ್.’ ಇನ್ನು ಟ್ರೀಟ್‌ಮೆಂಟ್ ಇಲ್ಲ, ನೋವಿಲ್ಲದ ಹಾಗೆ ಕಳಿಸಿಕೊಡ್ತೀವಿ ಅಂತ ಅದರರ್ಥ. ಇಂಗ್ಲಿಷ್ ಮಾತಾಡೋ ಮನೆಯವರಿಗೆ ನಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ. ನಾವೂ ಅದರ ಹಿಂದೆ ಅಡಗಿಕೊಳ್ತೀವಿ, ನಿಜ ಹೇಳ್ಬೇಕು ಅಂದ್ರೆ.”

ಅಂದು ಹಾಸಿಗೆಯಲ್ಲಿ ವೃದ್ಧೆ, ಪಕ್ಕದಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡ ಗಂಡ. ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟ ಫೋನು. ದುಭಾಷಿಗೆ ಹಿಂದುಮುಂದು ಗೊತ್ತಿಲ್ಲ, ಕೋಣೆ ಕಾಣುವುದಿಲ್ಲ. ವಿಜೇತಾ ತಮ್ಮ ಮಾಮೂಲಿನ ವಾಕ್ಯ ಹೇಳಿದರು. ಫೋನಿನಲ್ಲಿ ಅದು ‘ಉದೊಬ್ನೊ’ ಎಂದು ದಾಟಿತು. ಹಿರಿಯರ ಮುಖ ಅರಳಿತು. ‘ದೊಬ್ರೊ, ದೊಬ್ರೊ’ ಎಂದರು, ಒಳ್ಳೆಯದು, ಒಳ್ಳೆಯದು. ಟೋಪಿ ಎತ್ತಿಕೊಂಡು ಎದ್ದರು. ಫೋನಿನ ದನಿ ಅವರ ಮಾತನ್ನು ಇಂಗ್ಲಿಷಿಗೆ ತಂದಿತು: “ಹಾಗಾದರೆ ನಾನು ಮನೆಗೆ ಹೋಗುತ್ತೇನೆ. ಕೋಳಿಗಳಿಗೆ ಕಾಳು ಹಾಕಬೇಕು. ನಾಳೆ ಬರುವಾಗ ಅವಳ ಮೆತ್ತನೆಯ ದಿಂಬು ತರುತ್ತೇನೆ, ಇನ್ನೂ ಆರಾಮವಾಗುತ್ತದೆ.”

ಆ ‘ದಿಂಬು’ ಎನ್ನುವ ಮಾತು ದಾಟಿತು. ಕೂಡಲೇ ಫೋನಿನಿಂದ ಸಣ್ಣಗೆ, ಉಸಿರಿನಲ್ಲಿ ಬೆರೆತ ಒಂದು ದನಿ: “ದೇವೆರೇ!”

“ಆಂಟಿ, ನನ್ನ ಮೈ ಜುಂ ಅಂತು. ಸಿಡ್ನಿ ಆಸ್ಪತ್ರೆ, ಕ್ರೊಯೇಷಿಯನ್ ಲೈನು, ಅಲ್ಲಿ ನನ್ನಜ್ಜಿ ತುಳುವಲ್ಲಿ ದೇವರನ್ನ ಕರೀತಿದ್ದ ಹಾಗೇ ‘ದೇವೆರೇ’!” ಎಂದರು ವಿಜೇತಾ. “ಮರುಕ್ಷಣ ಅದೇ ದನಿ ಇಂಗ್ಲಿಷಲ್ಲಿ ಗಟ್ಟಿಯಾಗಿ ಹೇಳ್ತು: ‘ಡಾಕ್ಟರ್, ಇಂಟರ್‌ಪ್ರಿಟರ್ ಸ್ಪಷ್ಟನೆ ಕೇಳುತ್ತಿದ್ದಾರೆ. ಕಂಫರ್ಟಬಲ್ ಅಂದರೆ ಯಾವ ಅರ್ಥದಲ್ಲಿ? ಇಂಟರ್‌ಪ್ರಿಟರ್ ಹಾಸಿಗೆ, ಕುರ್ಚಿಗೆ ಹೇಳುವ ಪದ ಬಳಸಿದ್ದಾರೆ. ಅದು ತಪ್ಪಿರಬಹುದು.’ ಅದನ್ನೇ ಅವರಿಗೂ ಅವರ ಭಾಷೆಯಲ್ಲಿ ಹೇಳಿದ್ರು. ಮುದುಕರು ನಿಂತಲ್ಲೇ ನಿಂತ್ರು.”

ವಿಜೇತಾ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತರು. ಅಲ್ಲಿಯವರೆಗೆ ನಿಂತೇ ಮಾತಾಡಿದ್ದರಂತೆ. ಅವರನ್ನೂ ಕೂರಿಸಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದರು. ಗುಣವಾಗುವ ಚಿಕಿತ್ಸೆ ಇನ್ನಿಲ್ಲ. ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ. ಇವತ್ತೋ ನಾಳೆಯೋ ಹೋಗಿಬಿಡಬಹುದು. ಪ್ರತಿ ವಾಕ್ಯದ ಹಿಂದೆ ಫೋನಿನ ದನಿ ಬಂತು, ಅವಸರವಿಲ್ಲದೆ. ಹಿರಿಯರು ಬಹಳ ಹೊತ್ತು ಟೋಪಿಯನ್ನು ತಿರುಗಿಸುತ್ತಾ ಕೂತಿದ್ದರು. ಆಮೇಲೆ ಫೋನಿನತ್ತ ಬಗ್ಗಿ ಏನೋ ಕೇಳಿದರು. ದನಿ ಇಬ್ಬರಿಗೂ ತಿಳಿಸಿತು: “ನೀವು ಆಗ ಅಂದ ಪದ ಯಾವುದು, ಅದು ನಮ್ಮದಲ್ಲ ಎಂದು ಕೇಳುತ್ತಿದ್ದಾರೆ. ಅದು ಇಂಟರ್‌ಪ್ರಿಟರ್‌ನ ಸ್ವಂತ ಭಾಷೆ. ದೇವರನ್ನು ಕರೆದದ್ದು. ಇಂಟರ್‌ಪ್ರಿಟರ್ ಕ್ಷಮೆ ಕೇಳುತ್ತಾರೆ.”

“ಅದು ಅರ್ಥವಾಯಿತು” ಎಂದರಂತೆ ಹಿರಿಯರು. ಬಳಿಕ ‘ಹಾಗಾದರೆ ಕೋಳಿಗಳು...’ ಎಂದು ಏನೋ ಆರಂಭಿಸಿದರು. ಅಷ್ಟರಲ್ಲಿ ಲೈನು ಕಡಿದುಹೋಯಿತು. ಮತ್ತೆ ಕರೆ ಮಾಡಿದಾಗ ಸಿಕ್ಕಿದ್ದು ಬೇರೆ ದುಭಾಷಿ.

ಕ್ರೊಯೇಷಿಯನ್ ಬಲ್ಲ ತುಳುವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ನನ್ನ ಮಗಳ ನೆರೆಯವರನ್ನು ಕೇಳಿದೆ. “ಓ, ನಮ್ಮ ಪ್ರೇಮಕ್ಕ!” ಎಂದರು. ಆದರೆ ಅವರು ಮಾಡುವ ಕೆಲಸವೇನೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ‘ಕಾಲ್ ಸೆಂಟರ್ ಇರ್ಬೇಕು’ ಎಂದರು.

ಇಷ್ಟನ್ನೂ ವಿಜೇತಾ ಹೇಳಿದ ಹಾಗೆಯೇ ಪ್ರೇಮಾವತಿಗೆ ಹೇಳುತ್ತೇನೆ. ಅವರು ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ದೋಸೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಒಲೆ ಆರಿಸಿದ ಕಮಲಾಕ್ಷ ಹೆಂಡತಿಯ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಾರೆ.

“ಯಾವ ಕರೆ ಅಂತ ನಾನು ಹೇಳುವ ಹಾಗಿಲ್ಲ” ಎನ್ನುತ್ತಾರೆ ಕೊನೆಗೆ. “ಒಟ್ಟು ವಿಷಯ ಹೇಳ್ತೇನೆ. ನಮಗೆ ಯಾವುದರ ಕೊನೆಯೂ ಗೊತ್ತಾಗುದಿಲ್ಲ ಅಮ್ಮ. ಒಂದು ಮಗು ಹುಟ್ಟುವವರೆಗೆ ಲೈನಲ್ಲಿ ಇರ್ತೇವೆ, ಅಳು ಕೇಳುವ ಮೊದಲು ಥ್ಯಾಂಕ್ ಯೂ ಅಂತ ಇಡ್ತಾರೆ. ಅಭ್ಯಾಸ ಆಗಿದೆ. ಕೆಲವು ಮಾತ್ರ ಬಿಡುದಿಲ್ಲ.”

“ಆರು ತಿಂಗಳಾಯ್ತು, ಎಲ್ಲಿ ಕೋಳಿ ಕಂಡ್ರೂ ಸುಮ್ಮನಾಗ್ತಾಳೆ. ಯಾಕೆ ಅಂತ ನನಗೂ ಹೇಳ್ಲಿಲ್ಲ. ಈಗ ಗೊತ್ತಾಯ್ತು” ಎನ್ನುತ್ತಾರೆ ಕಮಲಾಕ್ಷ ಮೆಲ್ಲಗೆ.

ಆಗ ನಾನು ವಿಜೇತಾ ಕೊಟ್ಟು ಕಳಿಸಿದ ಉತ್ತರವನ್ನು ಹೇಳುತ್ತೇನೆ. ಆ ಹಿರಿಯರು ಅಂದು ಮನೆಗೆ ಹೋಗಲಿಲ್ಲ. ವಾರ್ಡ್ ಗುಡಿಸುವ ಹೆಂಗಸು ಅವರ ಫೋನಿನಲ್ಲಿ ನೆರೆಮನೆಯವರ ನಂಬರು ಹುಡುಕಿ, ಕೋಳಿಗಳಿಗೆ ಕಾಳು ಹಾಕಿಸಿದಳು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೆಂಡತಿ ತೀರಿಕೊಂಡರು. ಅವರ ಕೈ ಗಂಡನ ಕೈಯಲ್ಲಿತ್ತು. ಆ ಫೋನಿನ ದನಿಗೆ ಇಷ್ಟನ್ನು ತಿಳಿಸಿ ಎಂದು ಹಿರಿಯರೇ ಹೇಳಿದ್ದಾರೆ.

ಪ್ರೇಮಾವತಿ ಕಿಟಕಿಯಾಚೆ ನೋಡುತ್ತಾರೆ. ಬೀದಿಯ ಗ್ಯಾರೇಜುಗಳೆಲ್ಲ ಮುಚ್ಚಿವೆ, ಎಲ್ಲರೂ ಕೆಲಸಕ್ಕೆ ಹೋಗಿಯಾಗಿದೆ. ಸ್ವೆಟರಿನ ತೋಳಿಗೆ ಹಲಗೆಯ ಶಾಯಿ ಇನ್ನೂ ಅಂಟಿಕೊಂಡಿದೆ. ಅದೇ ತೋಳಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ, ನೆನಪಾಗಿ, ಇನ್ನೊಂದು ತೋಳಿನಿಂದ ಒರೆಸಿಕೊಳ್ಳುತ್ತಾರೆ.

“ಆ ವಯಸ್ಸಿನವರು ಇಡೀ ರಾತ್ರಿ ಕೂತದ್ದು ಯಾವುದರಲ್ಲಿ?” ಎಂದು ಕೇಳುತ್ತಾರೆ. “ಆಸ್ಪತ್ರೆಯ ಆ ಪ್ಲಾಸ್ಟಿಕ್ ಕುರ್ಚಿಯಲ್ಲಾ?”

ಅಲ್ಲ. ನರ್ಸೊಬ್ಬರು ತಾವು ಊಟದ ಬಿಡುವಿನಲ್ಲಿ ಒರಗುವ ಕುರ್ಚಿಯನ್ನು ಸ್ಟಾಫ್ ರೂಮಿನಿಂದ ತಳ್ಳಿಕೊಂಡು ಬಂದು ಕೊಟ್ಟರಂತೆ. ಕಾಲು ಚಾಚಲು ಬರುವಂಥದು. ಅದನ್ನೂ ವಿಜೇತಾ ಹೇಳಿದ್ದರು.

ಕಾರಿನೊಳಗೆ ಬಿಟ್ಟು ಬಂದ ಫೋನು ರಿಂಗಾಗುತ್ತದೆ. ಪ್ರೇಮಾವತಿ ಫ್ಲಾಸ್ಕ್ ಎತ್ತಿಕೊಂಡು ಏಳುತ್ತಾರೆ. ಗ್ಯಾರೇಜಿನ ಬಾಗಿಲಲ್ಲಿ ಒಮ್ಮೆ ನಿಂತು ತಿರುಗುತ್ತಾರೆ.

“ಹಾಗಾದ್ರೆ ಅದು ಉದೊಬ್ನೊ” ಎನ್ನುತ್ತಾರೆ. “ಆ ಕುರ್ಚಿಗೆ ಆ ಪದ ಸರಿ.”